ಜಾಗ ನಿಂದಲ್ಲ, ದುಡ್ಡು ನಿಂದಲ್ಲ

ಹೋದ ಭಾನುವಾರ ಅಕ್ಕನ ಮಗ ನಮ್ಮ ಎಸ್.ಎಸ್. ಪುರಂ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅದನ್ನು ಬಿಟ್ಟು ತುಮಕೂರಿನಲ್ಲೇ ಅಪಾರ್ಟ್‌ಮೆಂಟ್ ಕಟ್ಟಿಸಬೇಕು ಅಂತ ಹೊರಟಿದ್ದಾನೆ. 'ಮಾವ, ನೀವು ಹೆಂಗೆ ಶುರು ಮಾಡಿದ್ರಿ, ಒಂದೂ ಬಿಡದೆ ಹೇಳಿ' ಅಂತ ಲ್ಯಾಪ್‌ಟಾಪ್ ತೆಗೆದು ಕೂತ. ಅದರ ಎಕ್ಸೆಲ್ ಹಾಳೆಯಲ್ಲಿ ಲಾಭ ಆಗಲೇ 28 ಪರ್ಸೆಂಟ್ ಬಂದಿತ್ತು. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ನೋಡಿದೆ. ಸಿಮೆಂಟ್, ಕಬ್ಬಿಣ, ಜಲ್ಲಿ, ಲಿಫ್ಟ್, ಜಾಹೀರಾತು ಎಲ್ಲಾ ಇತ್ತು. ಕೆಳಗೆ ಒಂದು ಸಾಲಿನಲ್ಲಿ 'ಲೀಗಲ್: 50 ಸಾವಿರ' ಅಂತ ಇತ್ತು. ಅಲ್ಲಿಗೆ ಬಂದಾಗ ನಗು ತಡೆಯೋಕಾಗಲಿಲ್ಲ. ಪಾಪ, ಅವನಿಗೆ ಬೇಜಾರಾಯಿತು.

ಅವತ್ತು ಅವನಿಗೆ ಹೇಳಿದ್ದು ಅರ್ಧ. ಮಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿ ಸೇರಿದೆ. ಸೀಸನ್ ಪಾಸ್ ಮಾಡಿಸಿಕೊಂಡು ಬೆಳಗಿನ ರೈಲು ಹತ್ತುತ್ತಿದ್ದೆ. ಕ್ಯಾತ್ಸಂದ್ರ, ಹಿರೇಹಳ್ಳಿ ದಾಟುವಾಗ ಒಂದು ನಿದ್ದೆ ಆಗುತ್ತಿತ್ತು. ಸೋಲದೇವನಹಳ್ಳಿ, ಚಿಕ್ಕಬಾಣಾವರ ಬರುವಷ್ಟರಲ್ಲಿ ಎಚ್ಚರ. ಕಿಟಕಿಯಲ್ಲಿ ರಾಗಿ ಹೊಲ ಕಾಣಿಸುತ್ತಿತ್ತು. ಒಂದು ದಿನ ಅದೇ ಹೊಲದಲ್ಲಿ ಸಾಲಾಗಿ ಕಲ್ಲು ನೆಟ್ಟಿರುತ್ತಿದ್ದರು. ಆಮೇಲೆ ಬಣ್ಣದ ಬೋರ್ಡು ಬರುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನಗೂ ಆಸೆ ಹುಟ್ಟಿತು ಅಂತ ಕಾಣುತ್ತದೆ. ಮೊದಲು ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಡುವ ಕಂಟ್ರಾಕ್ಟು ಹಿಡಿದೆ. 2003ರಲ್ಲಿ ನಾಗರಬಾವಿಯಲ್ಲಿ ಎಂಟು ಮನೆಯ ಒಂದು ಸಣ್ಣ ಅಪಾರ್ಟ್‌ಮೆಂಟ್ ಎದ್ದಿತು. ಅವತ್ತಿಂದ ನನ್ನ ಕಾರ್ಡಿನ ಮೇಲೆ 'ಡೆವಲಪರ್' ಅಂತ ಅಚ್ಚಾಯಿತು.

ಆ ಕಟ್ಟಡದ ಪೂಜೆಗೆ ಅಪ್ಪ ಬಂದಿದ್ದರು. ಗುಬ್ಬಿ ತಾಲ್ಲೂಕಿನ ರೈತ, ಸ್ವಲ್ಪ ತೆಂಗು, ಸ್ವಲ್ಪ ಹೊಲ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು.

'ಜಾಗ ಯಾರ್ದಲಾ?'

'ಇನ್ನೊಬ್ಬರದ್ದು ಅಪ್ಪ. ಅವರು ಜಾಗ ಕೊಡ್ತಾರೆ, ನಾವು ಕಟ್ಟಿ ಅವರ ಭಾಗದ ಮನೆ ಕೊಡ್ತೀವಿ.'

'ದುಡ್ಡು?'

'ಮನೆ ಕೊಳ್ಳೋರು ಮುಂಗಡ ಕೊಡ್ತಾರೆ. ಸ್ವಲ್ಪ ಸಾಲ.'

'ಕಟ್ಟೋರು?'

'ಮೇಸ್ತ್ರಿಗಳು.'

'ಮತ್ತೆ ಇದ್ರಲ್ಲಿ ನಿಂದೇನ್ಲಾ?'

ಊಟಕ್ಕೆ ಎಲೆ ಹಾಕಿದ್ದಾರೆ ಬನ್ನಿ ಅಂತ ಕರೆದುಕೊಂಡು ಹೋದೆ.

ಅಪ್ಪ ಕೇಳಿದ್ದು ತಮಾಷೆಗಲ್ಲ. ಬೆಂಗಳೂರಿನ ನನ್ನಂಥ ಸಣ್ಣ ಡೆವಲಪರ್‌ಗಳಲ್ಲಿ ಬಹಳಷ್ಟು ಜನ ಬದುಕಿರುವುದು ಜೆಡಿಎ ಮೇಲೆ. ಅಂದರೆ ಜಂಟಿ ಅಭಿವೃದ್ಧಿ ಒಪ್ಪಂದ. ಜಾಗ ಕೊಂಡುಕೊಳ್ಳೋಕೆ ನಮ್ಮ ಹತ್ತಿರ ದುಡ್ಡಿರುವುದಿಲ್ಲ. ಜಾಗದವರಿಗೆ ಕಟ್ಟೋಕೆ ಬರುವುದಿಲ್ಲ. ಅವರಿಗೆ ಇಷ್ಟು ಮನೆ, ನಮಗೆ ಇಷ್ಟು ಅಂತ ಬರೆದುಕೊಳ್ಳುತ್ತೇವೆ. ನಮ್ಮ ಪಾಲಿನ ಮನೆಗಳನ್ನು ಕಟ್ಟುವ ಮೊದಲೇ ಮಾರಿ, ಆ ದುಡ್ಡಿನಲ್ಲಿ ಎಲ್ಲರ ಮನೆಯನ್ನೂ ಕಟ್ಟುತ್ತೇವೆ. ಕೇಳೋಕೆ ಬಹಳ ಸಲೀಸು, ಅಲ್ವಾ?

2012ರಲ್ಲಿ ಬಾಗಲಗುಂಟೆಯಲ್ಲಿ ಒಂದು ಜಾಗ ಸಿಕ್ಕಿತು. 12 ಗುಂಟೆ. ಗುಂಟೆಗೆ 1,089 ಚದರ ಅಡಿ ಲೆಕ್ಕದಲ್ಲಿ 13 ಸಾವಿರ ಅಡಿಯ ಮೇಲೆ ಸ್ವಲ್ಪ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಆರು ಮನೆ. ಒಟ್ಟು 24. ಅಣ್ಣ ತಮ್ಮ ಇಬ್ಬರು ಮಾಲೀಕರು. ಅವರಿಗೆ 10, ನನಗೆ 14. ಆ ಕಡೆಯೆಲ್ಲ ಮೊದಲು ದಾಸರಹಳ್ಳಿ ನಗರಸಭೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬಿಬಿಎಂಪಿ ಮಾಡಿದಾಗ ಇದೂ ಸೇರಿತು. ಸೇರಿದ ಮೇಲೆ ಎ ಖಾತೆ, ಬಿ ಖಾತೆ ಅನ್ನುವ ಗೋಳು. ಖಾತೆ ಅಂದರೆ ಪಾಲಿಕೆಯ ಪುಸ್ತಕದಲ್ಲಿ ಆಸ್ತಿಯ ದಾಖಲೆ. ಜಮೀನು ಕೃಷಿಯಿಂದ ವಾಸಕ್ಕೆ ಪರಿವರ್ತನೆ ಆಗಿರಬೇಕು, ಬೆಟರ್‌ಮೆಂಟ್ ಚಾರ್ಜ್ ಅನ್ನುವ ಅಭಿವೃದ್ಧಿ ಶುಲ್ಕ ಕಟ್ಟಿರಬೇಕು, ಆಗ ಎ ಖಾತೆ. ಆಗೆಲ್ಲ ಅದಿಲ್ಲದೆ ಪ್ಲ್ಯಾನ್ ಪಾಸಾಗುತ್ತಿರಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗೋಕೆ ತಗಲುವ ಖರ್ಚಿಗೆ ನನ್ನ ಡೈರಿಯಲ್ಲಿ ಬೇರೆಯೇ ಒಂದು ಪುಟ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕನ ಮಗನಿಗೆ ಮಾತ್ರ ತೋರಿಸಿದೆ. ಅವನು ಎಕ್ಸೆಲ್‌ನಲ್ಲಿ ಹೊಸ ಸಾಲು ಸೇರಿಸಿದ.

ಮೂರನೇ ಮೋಲ್ಡ್ ಹಾಕಿ ಆಗಿತ್ತು. ಒಂಬತ್ತು ಮನೆ ಬುಕ್ ಆಗಿದ್ದವು. ಆಗ ಒಬ್ಬರು ಗಿರಾಕಿಯ ಗೃಹಸಾಲಕ್ಕೆ ಪೇಪರ್ ನೋಡಿದ ಬ್ಯಾಂಕಿನ ವಕೀಲರು ಒಂದು ಸಾಲು ಬರೆದು ಕಳಿಸಿದರು. ವಂಶವೃಕ್ಷದಲ್ಲಿ ಒಬ್ಬ ಮಗಳ ಹೆಸರಿದೆ, 1998ರ ವಿಭಾಗಪತ್ರದಲ್ಲಿ ಆಕೆಯ ಸಹಿ ಇಲ್ಲ, ಜೆಡಿಎಯಲ್ಲೂ ಇಲ್ಲ.

ನನ್ನ ವಕೀಲರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 'ಮದುವೆಯಾಗಿ ಹೋದ ಹೆಣ್ಣುಮಗಳು, ಏನೂ ಆಗಲ್ಲ ಸಾರ್' ಅಂದಿದ್ದರು. ನನಗೂ ಅದನ್ನು ನಂಬುವುದು ಅನುಕೂಲವಾಗಿತ್ತು. ಆದರೆ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಬಂದಿದ್ದು 2005ರಲ್ಲಿ ಅಲ್ಲ. ಅದು ಕೇಂದ್ರದ ತಿದ್ದುಪಡಿ. ನಮ್ಮಲ್ಲಿ ಅದಕ್ಕೂ ಮೊದಲೇ, 1994ರ ಜುಲೈ 30ರಿಂದ, ಆ ದಿನಕ್ಕೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಾಲು ಇದೆ. ಈಕೆಗೆ ಮದುವೆಯಾಗಿದ್ದು 1996ರಲ್ಲಿ. ಅಣ್ಣಂದಿರು ಪಾಲು ಮಾಡಿಕೊಂಡಿದ್ದು 1998ರಲ್ಲಿ. ಎರಡು ತಾರೀಕು ಪಕ್ಕಪಕ್ಕ ಇಟ್ಟು ನೋಡಿದರೆ ಹೈಸ್ಕೂಲ್ ಹುಡುಗನಿಗೂ ಅರ್ಥವಾಗುತ್ತದೆ.

'ಎಲ್ಲಿದ್ದಾರೆ ನಿಮ್ಮ ತಂಗಿ?' ಅಂತ ಕೇಳಿದೆ. 'ನಿಮ್ಮೂರಲ್ಲೇ ಸಾರ್, ಬಟವಾಡಿ. ನೀವೇ ಒಂದು ಮಾತು ಹೇಳಿ ನೋಡಿ' ಅಂದರು.

ಬಟವಾಡಿಯಲ್ಲಿ ಆಕೆಯದ್ದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಆಕೆಯೇ ನಡೆಸುತ್ತಿದ್ದರು. ನಾನು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಬೆಲ್ಟು ಪಟಪಟ ಅಂತ ಓಡುತ್ತಿತ್ತು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ತಲೆಗೆ ಟವೆಲ್ಲು, ರೆಪ್ಪೆಯ ಮೇಲೂ ಹಿಟ್ಟು. ರಾಗಿ ಹಿಟ್ಟು ಡಬ್ಬಕ್ಕೆ ಬೀಳುವಾಗ ಒಂದು ಬಿಸಿ ವಾಸನೆ ಬರುತ್ತದಲ್ಲ, ಆ ವಾಸನೆಯಲ್ಲಿ ನಿಂತುಕೊಂಡೇ ನನ್ನ ಜೀವನದ ದೊಡ್ಡ ವ್ಯವಹಾರ ಮಾತಾಡಿದೆ. ಆಕೆ ಮಿಷನ್ ನಿಲ್ಲಿಸಲಿಲ್ಲ. ಕೂಗಿ ಕೂಗಿ ಮಾತಾಡಬೇಕಾಯಿತು. ಸಾಲಿನಲ್ಲಿ ಡಬ್ಬ ಹಿಡಿದು ನಿಂತಿದ್ದ ನಾಲ್ಕು ಜನಕ್ಕೂ ನನ್ನ ಕಥೆ ಕೇಳಿಸಿತು.

'ನಿಮ್ಮ ಅಣ್ಣಂದಿರು ಕಳಿಸಿದ್ದಾರಮ್ಮ.'

'ಯಾಕೆ, ಅವರಿಗೆ ದಾರಿ ಮರೆತೋಯ್ತಾ?'

ನಾನು ಸುಮ್ಮನಿದ್ದೆ.

'ಎಷ್ಟು ಮನೆ ಕಟ್ತಾ ಇದೀರಣ್ಣ?'

'ಇಪ್ಪತ್ನಾಲ್ಕು.'

'ನಮ್ಮೋರಿಗೆಷ್ಟು?'

'ಹತ್ತು.'

ಗೋಡೆಯ ಮೇಲೆಲ್ಲ ಸೀಮೆಸುಣ್ಣದ ಲೆಕ್ಕ. ಯಾರದ್ದು ಎಷ್ಟು ಕೆಜಿ, ಯಾರು ಎಷ್ಟು ಬಾಕಿ. ಅದರ ಕೆಳಗೆ ಖಾಲಿ ಜಾಗ ನೋಡಿ 10 ಅಂತ ಬರೆದರು, ಮೂರರಿಂದ ಭಾಗಿಸಿದರು. 'ಮೂರು ಮನೆ. ಮಿಕ್ಕಿದ್ದು ಒಂದು. ಆ ಒಂದರಲ್ಲಿ ಮೂರನೇ ಒಂದು ಭಾಗ.'

ನನ್ನ ಬ್ಯಾಗಿನಲ್ಲಿ ಐದು ಲಕ್ಷದ ಚೆಕ್ ಇತ್ತು. ಐದಕ್ಕೆ ಮುಗಿಸಿಕೊಂಡು ಬನ್ನಿ ಅಂತ ವಕೀಲರು ಹೇಳಿದ್ದರು. ಬ್ಯಾಗಿನ ಜಿಪ್ ಮೇಲೆ ಕೈ ಇಟ್ಟವನು ತೆಗೆದುಬಿಟ್ಟೆ.

ಕೊನೆಗೆ ಅಣ್ಣಂದಿರ ಮಾತು ಹೇಳಿ ನೋಡಿದೆ. 'ಮದುವೇಲಿ ಚಿನ್ನ ಹಾಕಿದ್ವಿ ಅಂತಾರಮ್ಮ.'

'ಎಷ್ಟು ಗ್ರಾಂ ಅಂತ ಹೇಳಿದ್ರಾ?'

'ಇಲ್ಲ.'

'ಕೇಳ್ಕೊಂಡು ಬನ್ನಿ. ಅದನ್ನೂ ಕಳೆಯಾಣ.'

ಅವತ್ತು ಮನೆಗೆ ಹೋದಾಗ ಹೆಂಡತಿ, 'ಏನ್ರೀ ಇದು, ಯಾವ ಸೈಟಿಗೆ ಹೋಗಿದ್ರಿ, ತಲೆಯೆಲ್ಲ ಬೆಳ್ಳಗಾಗಿದೆ' ಅಂದಳು.

ಅಣ್ಣಂದಿರು ಒಪ್ಪಲಿಲ್ಲ. 14 ತಿಂಗಳು ಕೆಲಸ ನಿಂತಿತು. ಕಾಲಂ ಮೇಲೆ ಬಿಟ್ಟಿದ್ದ ಕಬ್ಬಿಣ ತುಕ್ಕು ಹಿಡಿದು ಮಳೆ ಬಂದಾಗಲೆಲ್ಲ ಕಾಂಕ್ರೀಟಿನ ಮೇಲೆ ಕೆಂಪು ಗೆರೆ ಇಳಿಯುತ್ತಿತ್ತು. ಬುಕ್ ಮಾಡಿದವರು ಒಂದು ಕಡೆ ಇರುವ ಮನೆಗೆ ಬಾಡಿಗೆ ಕಟ್ಟುತ್ತಿದ್ದರು, ಇನ್ನೊಂದು ಕಡೆ ಬ್ಯಾಂಕಿಗೆ ಬಡ್ಡಿ. ಇಬ್ಬರು ಜಗಳ ಮಾಡಿದರು. ಒಬ್ಬರು ಪೊಲೀಸ್ ಅಂದರು. ಅದನ್ನೆಲ್ಲ ತಡೆದುಕೊಳ್ಳಬಹುದು. ತಡೆಯೋಕಾಗದೆ ಇದ್ದಿದ್ದು ಒಬ್ಬ ಬಸ್ ಕಂಡಕ್ಟರ್. ವಾರದ ರಜಾ ದಿನ ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಎರಡನೇ ಅಂತಸ್ತಿನ ತಮ್ಮ ಮನೆ ಇರಬೇಕಾದ ಜಾಗದಲ್ಲಿ ನಿಂತು, 'ಈ ವಾರ ಏನಾಯ್ತು ಸಾರ್?' ಅಂತ ಕೇಳುತ್ತಿದ್ದರು. ಒಂದು ಸಲವೂ ದನಿ ಎತ್ತಲಿಲ್ಲ. ಅವರು ಬರುವ ದಿನ ನಾನು ಸೈಟಿಗೆ ಹೋಗುವುದನ್ನೇ ಬಿಟ್ಟೆ.

ದುಡ್ಡು ವಾಪಸ್ ಕೊಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇರಲಿಲ್ಲ. ಅವರು ಕೊಟ್ಟ ಮುಂಗಡದಲ್ಲಿ ಒಂದಿಷ್ಟನ್ನು ನೆಲಮಂಗಲದ ಹತ್ತಿರ ಇನ್ನೊಂದು ಜಾಗಕ್ಕೆ ಅಡ್ವಾನ್ಸ್ ಕೊಟ್ಟಿದ್ದೆ. ಇವನ ಟೋಪಿ ಅವನಿಗೆ. ಆಗ ನಮ್ಮಲ್ಲಿ ಬಹಳ ಜನ ಹಾಗೇ ಮಾಡುತ್ತಿದ್ದರು. ಎಲ್ಲರೂ ಮಾಡುತ್ತಿದ್ದರು ಅನ್ನುವುದು ನೆಪ, ಗೊತ್ತು. 'ದುಡ್ಡು ನಿಂದಲ್ಲ' ಅಂತ ಅಪ್ಪ ಹೇಳಿದ್ದನ್ನು ಸರ್ಕಾರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮಾಡಿ ಹೇಳಬೇಕಾಯಿತು. ಕಾಯ್ದೆ 2016ರದ್ದು, ಕರ್ನಾಟಕದ ನಿಯಮ ಬಂದಿದ್ದು 2017ರ ಜುಲೈನಲ್ಲಿ. ಈಗ ಗಿರಾಕಿಗಳಿಂದ ಬಂದ ದುಡ್ಡಿನಲ್ಲಿ ನೂರಕ್ಕೆ 70ನ್ನು ಆ ಪ್ರಾಜೆಕ್ಟಿನದ್ದೇ ಬೇರೆ ಖಾತೆಯಲ್ಲಿ ಇಡಬೇಕು. ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ಇಷ್ಟು ಕೆಲಸ ಆಗಿದೆ ಅಂತ ಬರೆದುಕೊಟ್ಟರೆ ಅಷ್ಟು ಮಾತ್ರ ತೆಗೆಯಬಹುದು. ಬಂದಾಗ ನಾವೆಲ್ಲ ಬೈದಿದ್ದೇ ಬೈದಿದ್ದು. ನನಗಂತೂ ಅದು ಐದು ವರ್ಷ ಮುಂಚೆ ಬಂದಿದ್ದರೆ ಆ ಕಂಡಕ್ಟರ್ ಮುಖ ನೋಡಬಹುದಿತ್ತು.

ಸಂಧಾನ ಹೇಗಾಯಿತು ಅಂತ ಹೇಳಿಬಿಡುತ್ತೇನೆ. ಅಣ್ಣ ಒಂದು ಮನೆ ಬಿಟ್ಟ, ತಮ್ಮ ಒಂದು ಬಿಟ್ಟ, ನಾನು ನನ್ನ ಹದಿನಾಲ್ಕರಲ್ಲಿ ಒಂದು ಬಿಟ್ಟೆ. ಆಕೆಗೆ ಮೂರಾಯಿತು. ಆ ಮೂರನೇ ಒಂದು ಭಾಗ? 'ಅದನ್ನ ಬಿಟ್ಟಿದೀನಿ. ಆದ್ರೆ ಮೂರರಲ್ಲಿ ಒಂದು ಮೊದಲನೇ ಮಹಡಿ ಮೂಲೆ ಮನೆ ಆಗ್ಬೇಕು. ಬಾಡಿಗೆಗೆ ಅದೇ ಬೇಗ ಹೋಗೋದು' ಅಂದರು. ಯಾವ ಮನೆ ಬೇಗ ಬಾಡಿಗೆಗೆ ಹೋಗುತ್ತದೆ ಅಂತ ಬೆಂಗಳೂರಿನಲ್ಲಿ ಒಂದು ದಿನವೂ ಇರದ ಆಕೆಗೆ ಹೇಗೆ ಗೊತ್ತಾಯಿತೋ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು, ನಡುವೆ ನನ್ನ ಬ್ಯಾಗು. ಟೋಕನ್ ಕರೆಯುವ ತನಕ ಮೂರು ಗಂಟೆ ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ಹೆಬ್ಬೆಟ್ಟು ಒತ್ತಿ ಬಂದ ಮೇಲೆ ಅಣ್ಣ, 'ಊಟ ಮಾಡ್ಕೊಂಡು ಹೋಗು' ಅಂದ. ಆಕೆ, 'ಕರೆಂಟು ಬರೋ ಹೊತ್ತು, ಗಿರಣಿ ಹಾಕ್ಬೇಕು' ಅಂತ ಬಸ್ಸು ಹತ್ತಿದರು.

ಕೆಲಸ ಮತ್ತೆ ಶುರುವಾಯಿತು. ಪ್ಲಾಸ್ಟರಿಂಗ್ ನಡೆಯುವಾಗ 2016ರ ನವೆಂಬರ್ 8 ಬಂತು. ಮಂಗಳವಾರ ರಾತ್ರಿ 500, 1000ದ ನೋಟು ರದ್ದು. ಶನಿವಾರ ಬಟವಾಡೆ. (ಬಟವಾಡಿ, ಬಟವಾಡೆ ಎರಡೂ ನನ್ನ ಹಣೆಯಲ್ಲಿ ಬರೆದಿದ್ದವು.) ಯಾದಗಿರಿ, ರಾಯಚೂರಿನ ಕಡೆಯ ಗಾರೆ ಕೆಲಸದವರು, ಸೆಂಟ್ರಿಂಗ್‌ನವರು, ಹೆಂಗಸರು ಮಕ್ಕಳು ಸೇರಿ ಶೆಡ್ಡಿನಲ್ಲಿ ಮೂವತ್ತು ಜನರ ಮೇಲಿದ್ದರು. ಬ್ಯಾಂಕಿನಲ್ಲಿ ಕ್ಯೂ ನಿಂತರೂ ಬಟವಾಡೆಗೆ ಆಗುವಷ್ಟು ಸಿಗಲಿಲ್ಲ. ಪಕ್ಕದ ಅಂಗಡಿಯವನಿಗೆ ಹೇಳಿ ಅಕ್ಕಿ, ಬೇಳೆ, ಎಣ್ಣೆ ಸಾಲಕ್ಕೆ ಕೊಡಿಸಿದೆ. ಎರಡು ವಾರ ಹಾಗೇ ನಡೆಯಿತು. ಮೂರನೇ ವಾರ ಅರ್ಧ ಜನ ಊರಿಗೆ ಹೋದರು. ಅವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ. ಆಮೇಲೆ ಬಂದವರು ಬಿಹಾರ, ಬಂಗಾಳದ ಹುಡುಗರು. ಕೆಲಸ ಚೆನ್ನಾಗಿ ಮಾಡುತ್ತಿದ್ದರು, ನನಗೆ ಹಿಂದಿ ಬರುತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ರೇರಾ. ಮುಗಿಯದ ಕಟ್ಟಡಗಳನ್ನೂ ನೋಂದಾಯಿಸಬೇಕು, ಮುಗಿಸುವ ತಾರೀಕು ಬರೆದುಕೊಡಬೇಕು. ನಾನು 2018ರ ಮಾರ್ಚ್ ಅಂತ ಬರೆದೆ. ಮೆಟ್ಟಿಲು, ಲಿಫ್ಟಿನ ಜಾಗದ ಪಾಲನ್ನೂ ಸೇರಿಸಿ ಹೇಳುವ ಸೂಪರ್ ಬಿಲ್ಟ್ ಅಪ್ ಲೆಕ್ಕ ಬಿಟ್ಟು ಕಾರ್ಪೆಟ್ ಏರಿಯಾ, ಅಂದರೆ ಮನೆಯ ಒಳಗಿನ ಜಾಗ ಮಾತ್ರ ತೋರಿಸಬೇಕು ಅಂತಾಯಿತು. 1,100 ಅಡಿ ಅಂತ ಮಾರಿದ ಮನೆಯ ಒಳಗೆ ಟೇಪು ಹಿಡಿದರೆ 800ರ ಆಸುಪಾಸು. ಕಂಡಕ್ಟರ್ ಮಗಳು ಸ್ಕೂಲಿನ ಸ್ಕೇಲ್ ಹಿಡಿದೇ ಅಳೆದು ಅಪ್ಪನಿಗೆ ಹೇಳಿತ್ತಂತೆ, ಆಗಲೇ.

ಈಗ ನನ್ನ ತಪ್ಪು. ಬಾತ್‌ರೂಮಿನ ಕೆಳಗಿನ ಸ್ಲ್ಯಾಬನ್ನು ಸುಮಾರು ಒಂದಡಿ ತಗ್ಗಿಸಿ ಹಾಕುತ್ತಾರೆ. ಸಂಕನ್ ಸ್ಲ್ಯಾಬ್ ಅಂತೀವಿ. ಆ ಗುಂಡಿಯಲ್ಲಿ ಪೈಪು ಹೋಗುತ್ತದೆ. ಪೈಪಿನ ಸುತ್ತ, ಮೂಲೆಗಳಲ್ಲಿ ವಾಟರ್‌ಪ್ರೂಫಿಂಗ್ ಬಳಿಯಬೇಕು. ಒಣಗಿದ ಮೇಲೆ ಗುಂಡಿ ತುಂಬ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆದು, 48 ಗಂಟೆ ಬಿಡಬೇಕು. ಆಮೇಲೆ ಎರಡು ಕೆಲಸ. ಗೆರೆಯಿಂದ ನೀರು ಎಷ್ಟು ಇಳಿದಿದೆ ನೋಡಬೇಕು. ಕೆಳಗಿನ ಮನೆಗೆ ಹೋಗಿ ಟಾರ್ಚ್ ಹಿಡಿದು ತಾರಸಿ ನೋಡಬೇಕು, ಪೈಪಿನ ಬುಡ ಬೆರಳಲ್ಲಿ ಮುಟ್ಟಿ ನೋಡಬೇಕು. ಸ್ವಲ್ಪ ತೇವ ಇದ್ದರೂ ಎಲ್ಲ ಕೆರೆದು ಮತ್ತೆ ಮಾಡಬೇಕು. ಎಲ್ಲ ಸರಿ ಇದ್ದರೆ ಇಟ್ಟಿಗೆ ಚೂರು ತುಂಬಿಸಿ ಟೈಲ್ಸ್ ಹಾಕುವುದು. ಟೈಲ್ಸ್ ಬಿದ್ದ ಮೇಲೆ ಒಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ.

24 ಮನೆ, 48 ಬಾತ್‌ರೂಮ್. ಮಾರ್ಚ್ ಹತ್ತಿರ ಬರುತ್ತಿತ್ತು. ಎರಡನೇ ಅಂತಸ್ತಿನ ಮೂರು ಬಾತ್‌ರೂಮಿಗೆ ಒಂದೇ ರಾತ್ರಿ ನೀರು ನಿಲ್ಲಿಸಿ, 'ಸಾಕು ಬಿಡಪ್ಪ, ಟೈಲ್ಸ್ ಹಾಕು' ಅಂದುಬಿಟ್ಟೆ. ಮೇಸ್ತ್ರಿ ಒಂದು ಸಲ ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

2018ರಲ್ಲಿ ಎಲ್ಲರಿಗೂ ಕೀ ಕೊಟ್ಟೆ. ಆಮೇಲೆ ಹೊಸ ಜಾಗ ಹಿಡಿಯಲಿಲ್ಲ. ನೆಲಮಂಗಲದ ಅಡ್ವಾನ್ಸ್ ಅರ್ಧ ಮಾತ್ರ ವಾಪಸ್ ಬಂತು. ತುಮಕೂರಿಗೆ ಬಂದು ಕೂತೆ. ಬೆಳಿಗ್ಗೆ ಅಮಾನಿಕೆರೆ ಸುತ್ತ ವಾಕಿಂಗು, ಬೇಜಾರಾದರೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ.

ಅಕ್ಕನ ಮಗನ ಲೆಕ್ಕ ತುಮಕೂರಿಗೆ ಕೂಡುವುದಿಲ್ಲ ಅಂತ ನನಗೆ ಅನುಮಾನ. ಮಾದಾವರದಿಂದ ಇಲ್ಲಿಗೆ ಮೆಟ್ರೊ ಬರುತ್ತದೆ ಅನ್ನುವ ಮಾತು ಶುರುವಾದ ಮೇಲೆ ರಿಂಗ್ ರೋಡಿನ ಸುತ್ತ ಜಾಗದವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಕೊಳ್ಳುವವರಿಗೆ ಮಾತ್ರ ಇನ್ನೂ ಸ್ವಂತ ಸೈಟು, ಕಾಂಪೌಂಡು, ಒಂದು ತೆಂಗಿನ ಗಿಡ ಬೇಕು. ಬೆಂಗಳೂರಿನ ಮಾಡಲ್ಲನ್ನು ಎತ್ತಿ ತಂದು ಇಲ್ಲಿ ಇಡೋಕಾಗುವುದಿಲ್ಲ. ಅವನು ಒಪ್ಪಲಿಲ್ಲ. ಇರಲಿ, ವಯಸ್ಸು.

ಇದನ್ನೇ ವಾದ ಮಾಡುತ್ತಾ ಕೂತಿದ್ದಾಗ ಫೋನ್ ಬಂತು. ಬಟವಾಡಿಯಿಂದ.

'ಅಣ್ಣ, ಮೂಲೆ ಮನೇಲಿ ಮತ್ತೆ ತೊಟ್ಟಿಕ್ತಾ ಐತಂತೆ. ಬಾಡಿಗೆಯೋರು ಬಾತ್‌ರೂಮಲ್ಲಿ ಬಕೆಟ್ ಇಟ್ಟವ್ರೆ.'

'ಮಳೆ ಇಲ್ವಲ್ಲಮ್ಮ.'

'ಮಳೆ ಬಾತ್‌ರೂಮಿಗೆ ಯಾಕೆ ಬರುತ್ತಣ್ಣ? ಮೇಲಿಂದ ಬರ್ತಿರೋದು.'

ಆಕೆಯ ಮನೆ 104. ಮೇಲಿನದು 204. ಅದರ ಟೈಲ್ಸ್ ಒಡೆದು, ಗುಂಡಿ ಖಾಲಿ ಮಾಡಿ, ಮೊದಲಿಂದ ಮಾಡಬೇಕು. ಎರಡು ವರ್ಷದ ಹಿಂದೆ ಮೇಲುಮೇಲೆ ಜಾಯಿಂಟ್ ತುಂಬಿಸಿ ಬಂದಿದ್ದೆ, ನಿಲ್ಲಲಿಲ್ಲ. 204ರಲ್ಲಿ ಇರುವುದು ಅದೇ ಕಂಡಕ್ಟರ್, ಈಗ ರಿಟೈರ್ ಆಗಿದ್ದಾರೆ. ಅವರಿಗೆ ಫೋನ್ ಮಾಡಿ, ನಾಲ್ಕೈದು ದಿನ ಒಂದು ಬಾತ್‌ರೂಮ್ ಬಿಟ್ಟುಕೊಡಬೇಕಾಗುತ್ತದೆ ಸಾರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಈ ಸಲ ಎಷ್ಟು ದಿನ ನೀರು ನಿಲ್ಲಿಸ್ತೀರಿ ಸಾರ್?' ಅಂತ ಕೇಳಿದರು. ಯಾರು ಹೇಳಿದ್ದರೋ ಅವರಿಗೆ, ಮೇಸ್ತ್ರಿಯೇ ಇರಬೇಕು.

ಅಕ್ಕನ ಮಗ ಎಲ್ಲ ಕೇಳಿಸಿಕೊಂಡು, 'ರೇರಾದಲ್ಲಿ ಡಿಫೆಕ್ಟ್‌ಗೆ ಐದೇ ವರ್ಷ ಅಲ್ವಾ ಮಾವ? 2023ಕ್ಕೇ ಮುಗೀತಲ್ಲ. ನೀವ್ಯಾಕೆ ಹೋಗ್ಬೇಕು?' ಅಂದ. ಕಾಯ್ದೆ ಚೆನ್ನಾಗಿ ಓದಿಕೊಂಡಿದ್ದಾನೆ.

ಗುರುವಾರ ಬೆಳಗಿನ ರೈಲಿಗೆ ಹೋಗುತ್ತಿದ್ದೇನೆ. ಅವನಿಗೂ ಬಾ ಅಂದಿದ್ದೇನೆ. ಲ್ಯಾಪ್‌ಟಾಪ್ ಬೇಡ, ಹಳೇ ಚಪ್ಪಲಿ ಹಾಕಿಕೊಂಡು ಬಾ, ಬರುವಾಗ ಅಂಗಡಿಯಲ್ಲಿ ಎರಡು ಸೀಮೆಸುಣ್ಣ ತಗೊಂಡು ಬಾ ಅಂತ.